ಮಸಲ್ ಶೋಲ್ಸ್‌ನ ಮಗಳಲ್ಲ

ಅಮೆರಿಕದ ಗಾಯಕಿ ಬ್ರಿಟನಿ ಹೊವರ್ಡ್ ಬಗ್ಗೆ ಬರೆದವರೆಲ್ಲ ಹೆಚ್ಚುಕಡಿಮೆ ಒಂದೇ ಲೇಖನ ಬರೆದಿದ್ದಾರೆ. ಅಲಬಾಮಾ ರಾಜ್ಯದ ಅಥೆನ್ಸ್ ಎಂಬ ಸಣ್ಣ ಊರು. ಗುಜರಿ ಕಾರುಗಳ ಅಂಗಳದಲ್ಲಿ ಬೆಳೆದ ಹುಡುಗಿ. ಕಪ್ಪು ತಂದೆ, ಬಿಳಿ ತಾಯಿ. ದೊಡ್ಡವಳಾದ ಮೇಲೆ ಮನೆಮನೆಗೆ ಅಂಚೆ ಹಂಚುವ ಕೆಲಸ. ಒಂದು ದಿನ ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಓಟಿಸ್ ರೆಡ್ಡಿಂಗ್, ಜಾನಿಸ್ ಜಾಪ್ಲಿನ್ ಇಬ್ಬರೂ ಒಟ್ಟಿಗೆ ಹಾಡಿದ ಹಾಗೆ! ಆಮೇಲೆ ತಪ್ಪದೆ ಬರುವ ಸಾಲು: ಅಥೆನ್ಸ್‌ನಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಮಸಲ್ ಶೋಲ್ಸ್ ಸಿಗುತ್ತದೆ, ಅರವತ್ತರ ದಶಕದಲ್ಲಿ ಸೋಲ್ ಸಂಗೀತದ ರಾಜಧಾನಿಗಳಲ್ಲೊಂದಾಗಿದ್ದ ಊರು. ನೆಲ ಇದೆ, ರಕ್ತ ಇದೆ, ಕಂಠ ಇದೆ. ಇನ್ನೇನು ಬೇಕು? ಲೇಖನ ಮುಗಿಯಿತು.

ಈ ವಿವರಗಳಲ್ಲಿ ಸುಳ್ಳೇನೂ ಇಲ್ಲ. ಅವುಗಳಿಂದ ಎಳೆದ ತೀರ್ಮಾನದಲ್ಲಿದೆ ತೊಡಕು. ಅಲಬಾಮಾದ ಮಣ್ಣೇ ಈಕೆಯ ಗಂಟಲಲ್ಲಿ ಹಾಡುತ್ತಿದೆ, ಹಿರಿಯರಿಂದ ಬಂದ ಆಸ್ತಿಯ ಹಾಗೆ ಸೋಲ್ ಸಂಗೀತ ಈಕೆಗೆ ತಾನಾಗಿ ದಕ್ಕಿದೆ ಎಂಬ ನಂಬಿಕೆ ಅದು. 2012ರಲ್ಲಿ ಅಲಬಾಮಾ ಶೇಕ್ಸ್ ತಂಡದ ಜೊತೆ ಬಂದ ಮೊದಲ ಆಲ್ಬಮ್‌ನಿಂದ 2019ರಲ್ಲಿ ಒಂಟಿಯಾಗಿ ಹೊರತಂದ ‘ಜೇಮಿ’ವರೆಗೆ ಕ್ರಮವಾಗಿ ಕೇಳಿಕೊಂಡು ಬನ್ನಿ. ಹೊವರ್ಡ್ ತಮ್ಮ ಬದುಕಿನ ಹತ್ತಿರ ಹತ್ತಿರ ಬಂದಷ್ಟೂ ಅವರ ಸಂಗೀತ ಅಮೆರಿಕದ ದಕ್ಷಿಣ ಭಾಗದ ಸೋಲ್‌ನಿಂದ ದೂರ ದೂರ ಸರಿದಿದೆ. ಹಿನ್ನೆಲೆಯೇ ಹಾಡನ್ನು ಹೆರುತ್ತದೆ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಕೊಡಬೇಕು.

ಮೊದಲು ಮಸಲ್ ಶೋಲ್ಸ್ ಕಥೆಯನ್ನೇ ನೋಡೋಣ. ಟೆನೆಸೀ ನದಿಯ ಆಚೀಚೆ ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್ ಎಂಬ ಊರುಗಳು ಒಂದಕ್ಕೊಂದು ಒತ್ತಿಕೊಂಡಿವೆ. ಅಲ್ಲಿ ರಿಕ್ ಹಾಲ್ ಕಟ್ಟಿದ ಫೇಮ್ ಸ್ಟುಡಿಯೋದಲ್ಲಿ ಆರ್ಥರ್ ಅಲೆಕ್ಸಾಂಡರ್, ವಿಲ್ಸನ್ ಪಿಕೆಟ್, ಎಟಾ ಜೇಮ್ಸ್ ಹಾಡಿ ಹೋದರು. ಕೊಲಂಬಿಯಾ ಕಂಪನಿಯಲ್ಲಿ ವರ್ಷಗಟ್ಟಲೆ ಹಾಡಿಯೂ ದೊಡ್ಡ ಹೆಸರು ಮಾಡದಿದ್ದ ಅರೀಥಾ ಫ್ರಾಂಕ್ಲಿನ್ ಅವರನ್ನು ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ 1967ರ ಜನವರಿಯಲ್ಲಿ ಅಲ್ಲಿಗೆ ಕರೆತಂದರು. ಗಲಾಟೆಯಾಗಿ ಬೇಗನೆ ವಾಪಸು ಹೊರಟರೂ, ಅಲ್ಲಿ ಧ್ವನಿಮುದ್ರಿಸಿದ ಒಂದು ಹಾಡು ಅರೀಥಾ ಅವರ ದಿಕ್ಕನ್ನೇ ಬದಲಿಸಿತು. ಆ ದಿನ ಡ್ರಮ್ಸ್ ಮೇಲಿದ್ದವರು ರಾಜರ್ ಹಾಕಿನ್ಸ್, ಗಿಟಾರ್ ಹಿಡಿದವರಲ್ಲಿ ಒಬ್ಬರು ಜಿಮ್ಮಿ ಜಾನ್ಸನ್, ಕೀಬೋರ್ಡ್‌ನಲ್ಲಿ ಸ್ಪೂನರ್ ಓಲ್ಡ್‌ಹ್ಯಾಮ್. ಮೂವರೂ ಬಿಳಿಯರು. ಕಪ್ಪು ಜನರ ಎದೆಬಡಿತ ಎಂದು ಜಗತ್ತು ಕೊಂಡಾಡಿದ ಆ ಲಯವನ್ನು ನುಡಿಸಿದವರು ರೇಡಿಯೋ ಕೇಳಿ, ರೆಕಾರ್ಡು ಸವೆಸಿ ಕಲಿತ ಅಲಬಾಮಾದ ಬಿಳಿ ಹುಡುಗರು. ರಕ್ತದಿಂದ ಸಂಗೀತ ಹರಿಯುತ್ತದೆ ಎಂಬ ಸಿದ್ಧಾಂತ ತನ್ನದೇ ರಾಜಧಾನಿಯಲ್ಲಿ ಮುಗ್ಗರಿಸುತ್ತದೆ.

ಶೇಕ್ಸ್ ತಂಡಕ್ಕೂ ಮಸಲ್ ಶೋಲ್ಸ್‌ಗೂ ಖಚಿತವಾದ ನಂಟು ಒಂದಿದೆ, ನಿಜ. 1969ರಲ್ಲಿ ಹಾಕಿನ್ಸ್ ಮತ್ತು ಜಾನ್ಸನ್ ಜೊತೆ ಸೇರಿ ಶೆಫೀಲ್ಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದವರಲ್ಲಿ ಬೇಸ್ ವಾದಕ ಡೇವಿಡ್ ಹುಡ್ ಒಬ್ಬರು. ಅವರ ಮಗ ಪ್ಯಾಟರ್ಸನ್ ಹುಡ್ ‘ಡ್ರೈವ್-ಬೈ ಟ್ರಕರ್ಸ್’ ಎಂಬ ರಾಕ್ ತಂಡದ ಹಾಡುಗಾರ. 2011ರಲ್ಲಿ ಅವರು ಶೇಕ್ಸ್ ಕೇಳಿ ಮೆಚ್ಚಿ ತಮ್ಮ ಮ್ಯಾನೇಜರುಗಳ ಕಿವಿಗೆ ಹಾಕಿದರು. ಅಲ್ಲಿಂದ ತಂಡದ ದಾರಿ ತೆರೆಯಿತು. ಅಂದರೆ ಮಸಲ್ ಶೋಲ್ಸ್‌ನಿಂದ ಈ ತಂಡಕ್ಕೆ ದಕ್ಕಿದ್ದು ಮ್ಯಾನೇಜರು! ಮೊದಲ ಆಲ್ಬಮ್ಮನ್ನೂ ಅವರು ಅಲ್ಲಿ ಧ್ವನಿಮುದ್ರಿಸಲಿಲ್ಲ, ರಾಜ್ಯದ ಗಡಿ ದಾಟಿ ಉತ್ತರಕ್ಕಿರುವ ನ್ಯಾಶ್‌ವಿಲ್‌ನಲ್ಲಿ ಮಾಡಿದರು. ಎರಡನೆಯದನ್ನೂ ಅಲ್ಲೇ.

ಹಿಂದೂಸ್ತಾನಿ ಸಂಗೀತ ಕೇಳುವ ಕನ್ನಡಿಗರಿಗೆ ಇಂಥ ವಾದದ ಪೊಳ್ಳು ಬೇಗ ಹೊಳೆಯಬೇಕು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದ ಪಕ್ಕದ ಹಳ್ಳಿಯವರು. ಅವರನ್ನು ಜೈಪುರ-ಅತ್ರೌಲಿ ಘರಾಣೆಯವರು ಎನ್ನುವುದು ಅವರು ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಮಂಜಿ ಖಾನ್, ಭೂರ್ಜಿ ಖಾನರ ಎದುರು ಕೂತು ತಾಲೀಮು ಮಾಡಿದರೆಂದು. ಯಾರಿಂದ ಕಲಿತರು, ಏನು ಕಲಿತರು, ಎಷ್ಟನ್ನು ಬಿಟ್ಟರು ಎಂಬ ಲೆಕ್ಕ ಅಲ್ಲಿರುತ್ತದೆ. ರಾಕ್ ವಿಮರ್ಶಕರು ‘ಪ್ರಭಾವ’ ಎನ್ನುವಾಗ ಆ ಲೆಕ್ಕವೇ ಇರುವುದಿಲ್ಲ. ನಕಾಶೆಯಲ್ಲಿ ಎರಡು ಚುಕ್ಕೆ ಹತ್ತಿರ ಇದ್ದರೆ ಸಾಕು, ಮೈಬಣ್ಣ ಹೊಂದಿದರಂತೂ ಮುಗಿದೇಹೋಯಿತು.

ಹಾಗಾದರೆ ಹೊವರ್ಡ್ ಅವರ ತಾಲೀಮು ಎಲ್ಲಿ ನಡೆಯಿತು? ಮೊದಲ ಗುರು ಅಕ್ಕ ಜೇಮಿ. ಪಿಯಾನೋ ಮೇಲೆ ಬೆರಳಿಡುವುದನ್ನೂ ಪದ್ಯ ಕಟ್ಟುವುದನ್ನೂ ತಂಗಿಗೆ ಕಲಿಸಿದವಳು ಅವಳು. ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನಿಂದ 1998ರಲ್ಲಿ, 13ನೇ ವಯಸ್ಸಿಗೇ ತೀರಿಕೊಂಡಳು. ಅದೇ ಕಾಯಿಲೆ ಬ್ರಿಟನಿಯ ಒಂದು ಕಣ್ಣಿನ ದೃಷ್ಟಿಯನ್ನೂ ಅರ್ಧಂಬರ್ಧ ಕಿತ್ತುಕೊಂಡಿತು. ಆಮೇಲಿನ ಗಿಟಾರ್ ಕಲಿಕೆ ಬಹುಪಾಲು ಸ್ವಂತದ್ದು. ಹೈಸ್ಕೂಲಿನಲ್ಲಿ ಬೇಸ್ ನುಡಿಸುವ ಝ್ಯಾಕ್ ಕಾಕ್ರೆಲ್ ಸಿಕ್ಕರು. ಮುಂದೆ ಡ್ರಮ್ಮರ್ ಸ್ಟೀವ್ ಜಾನ್ಸನ್, ಗಿಟಾರಿಗೆ ಹೀತ್ ಫಾಗ್ ಸೇರಿಕೊಂಡರು. ಒಬ್ಬರು ಅಣುವಿದ್ಯುತ್ ಸ್ಥಾವರದಲ್ಲಿ, ಒಬ್ಬರು ಪ್ರಾಣಿಗಳ ಆಸ್ಪತ್ರೆಯಲ್ಲಿ, ಒಬ್ಬರು ಮನೆಗಳಿಗೆ ಬಣ್ಣ ಬಳಿಯುವ ಕೆಲಸದಲ್ಲಿ, ಹೊವರ್ಡ್ ಅಂಚೆಯಲ್ಲಿ. ಕೆಲಸ ಮುಗಿದ ಮೇಲೆ ಅಭ್ಯಾಸ. ಊರಿನ ಆಸುಪಾಸಿನ ಬಾರ್‌ಗಳಲ್ಲಿ ನುಡಿಸಬೇಕಾದರೆ ಕುಡಿಯಲು ಬಂದವರಿಗೆ ಗೊತ್ತಿರುವ ಹಾಡು ಹಾಡಬೇಕು. ಹಾಗಾಗಿ ಜೇಮ್ಸ್ ಬ್ರೌನ್, ಓಟಿಸ್ ರೆಡ್ಡಿಂಗ್ ಪಕ್ಕದಲ್ಲೇ ಲೆಡ್ ಝೆಪೆಲಿನ್, ಎಸಿ/ಡಿಸಿ.

ಈ ಕೊನೆಯ ಹೆಸರನ್ನು ಪರಿಚಯ ಲೇಖಕರು ತಮಾಷೆಯ ವಿವರವೆಂಬಂತೆ ಹೇಳಿ ಮುಂದೆ ಹೋಗುತ್ತಾರೆ. ಎಸಿ/ಡಿಸಿಯ ಬಾನ್ ಸ್ಕಾಟ್ ಹಾಡುಗಾರಿಕೆ ತಮಗೆ ಮಾದರಿ ಎಂದು ಹೊವರ್ಡ್ ಅವರೇ ಹೇಳಿಕೊಂಡಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಬಿಳಿಯ ಅವನು. ಒಮ್ಮೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಕೆಯ ದನಿ ಕೇಳಿ. ಸ್ವರ ಮೇಲೇರುವಾಗ ರೆಡ್ಡಿಂಗ್ ದನಿ ಒಡೆಯುತ್ತದೆ, ಬೇಡಿಕೊಳ್ಳುತ್ತದೆ. ಹೊವರ್ಡ್ ದನಿ ಅಲ್ಲಿ ಬಿಗಿಯುತ್ತದೆ, ಹಲ್ಲು ಕಚ್ಚಿ ಕೆಣಕುತ್ತದೆ. ಆ ಕೆಣಕು ಚರ್ಚಿನದಲ್ಲ. ಬಾರಿನದು, ರಾಕ್‌ನದು. ನನಗಂತೂ ರೆಡ್ಡಿಂಗ್‌ಗಿಂತ ಸ್ಕಾಟ್‌ನ ನೆರಳೇ ದಟ್ಟವಾಗಿ ಕಾಣುತ್ತದೆ. ಆದರೆ ಅಲಬಾಮಾದ ಕಪ್ಪು ಹೆಣ್ಣುಮಗಳು ಆಸ್ಟ್ರೇಲಿಯಾದ ಪುಂಡ ಗಾಯಕನಿಂದ ಕಲಿತಳು ಎಂದರೆ ಕಥೆಯ ಚಂದ ಕೆಡುತ್ತದೆಯಲ್ಲ!

ಮೊದಲ ಆಲ್ಬಮ್ ‘ಬಾಯ್ಸ್ ಅಂಡ್ ಗರ್ಲ್ಸ್’ ಈ ಕಥೆಗೆ ಇಂಬು ಕೊಟ್ಟಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ‘ಯೂ ಏಂಟ್ ಅಲೋನ್’ ಹಾಡಿನ ನಿಧಾನ ಲಯ, ಕೊನೆಗೆ ಏರುತ್ತ ಏರುತ್ತ ಕೂಗಾಗುವ ಪರಿ ನೇರವಾಗಿ ಅರವತ್ತರ ದಶಕದ ಸೋಲ್ ಪಾಠದಿಂದ ಬಂದದ್ದು. ‘ಹೋಲ್ಡ್ ಆನ್’ ಕೂಡ ಅದೇ ಓಣಿಯದು. ಒಳ್ಳೆಯ ಹಾಡುಗಳು. ಅದೇ ಹೊತ್ತಿಗೆ, ಚೆನ್ನಾಗಿ ಕಲಿತ ಪಾಠದ ಹಾಡುಗಳು. ಆ ಆಲ್ಬಮ್ ಕೇಳಿದಾಗ ನನಗೆ ಅನ್ನಿಸುವುದು, ತಂಡ ತನಗೆ ಚೆನ್ನಾಗಿ ಬರುವುದನ್ನು ಮಾಡಿದೆ, ತನಗೆ ಬೇಕಾದದ್ದನ್ನು ಇನ್ನೂ ಮಾಡಿಲ್ಲ ಎಂದು. ಮಾರುಕಟ್ಟೆ ಮಾತ್ರ ಅದನ್ನೇ ಅಪ್ಪಟ ಎಂದಿತು. ಹಳೆಯ ಕಾಲದ ವಾಸನೆ ಇದ್ದರೆ ಅಪ್ಪಟ ಎನ್ನುವ ಚಟ ಎಲ್ಲ ಕಡೆ ಇದೆ. ನಮ್ಮಲ್ಲೂ ಹಳ್ಳಿಯಿಂದ ಬಂದ ಗಾಯಕ ಏನು ಹಾಡಿದರೂ ‘ಮಣ್ಣಿನ ಸೊಗಡು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ, ಅವನು ಎಷ್ಟು ವರ್ಷ ಯಾರ ಜೊತೆ ತಾಳ ಕುಟ್ಟಿದ ಎಂದು ಕೇಳುವುದಿಲ್ಲ.

ಮೂರು ವರ್ಷ ಬಿಟ್ಟು, 2015ರಲ್ಲಿ, ‘ಸೌಂಡ್ ಅಂಡ್ ಕಲರ್’ ಬಂತು. ನಿರ್ಮಾಣದಲ್ಲಿ ಬ್ಲೇಕ್ ಮಿಲ್ಸ್ ಜೊತೆಗಿದ್ದರು. ಆಲ್ಬಮ್ ತೆರೆದುಕೊಳ್ಳುವುದೇ ವೈಬ್ರಫೋನಿನ ತೇಲುವ ನಾದದಿಂದ. ಮಸಲ್ ಶೋಲ್ಸ್ ಬಯಸಿ ಬಂದವನಿಗೆ ತಪ್ಪು ಮನೆಯ ಬಾಗಿಲು ತಟ್ಟಿದೆನೇ ಎನ್ನಿಸಬೇಕು. ‘ಡೋಂಟ್ ವಾನಾ ಫೈಟ್’ ಹಾಡಿನಲ್ಲಿ ಮಾತು ಬರುವ ಮೊದಲು ಉಸಿರು ಸಿಕ್ಕಿಕೊಂಡಂಥ ಒಂದು ಕೀರಲು ಸದ್ದು ಬರುತ್ತದೆ. ‘ಫ್ಯೂಚರ್ ಪೀಪಲ್’ನಲ್ಲಿ ಆಕೆ ಎತ್ತರದ ಕಳ್ಳದನಿಯಲ್ಲಿ ಹಾಡುತ್ತಾರೆ, ಗಂಡೋ ಹೆಣ್ಣೋ ತಿಳಿಯದ ಹಾಗೆ. ‘ದಿ ಗ್ರೇಟೆಸ್ಟ್’ ಪಂಕ್ ರಾಕ್ ಓಟ. ‘ಜೆಮಿನೈ’ ಆರು ನಿಮಿಷ ದಾಟಿ ತೆವಳುತ್ತದೆ. ಈ ಹಾಡುಗಳಿಗೆ ಹೊವರ್ಡ್ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ವಾದ್ಯಗಳನ್ನು ಒಂದೊಂದಾಗಿ ತಾವೇ ಸೇರಿಸಿ ಕರಡು ಸಿದ್ಧಮಾಡಿಕೊಳ್ಳುತ್ತಿದ್ದರು. ‘ಹುಟ್ಟಿನಿಂದ ಬಂದ ಗಂಟಲು’ ಎಂದು ಹೊಗಳುವವರು ಈ ಕುಸುರಿಯನ್ನು ಅಳಿಸಿಹಾಕುತ್ತಾರೆ. ಗಂಟಲು ಹುಟ್ಟಿನಿಂದ ಬಂದಿರಬಹುದು. ಯಾವ ಪದದಲ್ಲಿ ದನಿ ಹಿಂಡಬೇಕು, ಎಲ್ಲಿ ಬೇಸ್ ಮಾತ್ರ ಉಳಿಸಿ ಉಳಿದದ್ದನ್ನು ಸುಮ್ಮನಾಗಿಸಬೇಕು ಎಂಬುದು ಹುಟ್ಟಿನಿಂದ ಬರುವುದಿಲ್ಲ.

ಆ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿಳಿಯಿತು. ಆಗ ಶುರುವಾದ ಹೊಸ ರಾಗ: ಶೇಕ್ಸ್ ಸೋಲ್ ಬಿಟ್ಟು ರಾಕ್ ಕಡೆಗೆ ವಾಲಿದರು. ಸೋಲ್ ಕಪ್ಪು ಜನರದು, ರಾಕ್ ಬಿಳಿಯರದು ಎಂಬ ಗೋಡೆ ಇದರ ಹಿಂದಿದೆ. ಆ ಗೋಡೆ ಕಟ್ಟಿದ್ದು ಸಂಗೀತಗಾರರಲ್ಲ, ವ್ಯಾಪಾರಿಗಳು. ಕಪ್ಪು ಜನರ ರೆಕಾರ್ಡುಗಳಿಗೆ ಬಿಲ್‌ಬೋರ್ಡ್ ಪತ್ರಿಕೆ ಇಟ್ಟಿದ್ದ ಪಟ್ಟಿಯ ಹೆಸರು ‘ರೇಸ್’ ಎಂದಿತ್ತು. 1949ರಲ್ಲಿ ಅದನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಿದವರು ಅಲ್ಲಿ ಆಗ ವರದಿಗಾರರಾಗಿದ್ದ ಇದೇ ಜೆರ್ರಿ ವೆಕ್ಸ್ಲರ್. 1969ರಲ್ಲಿ ಅದು ‘ಸೋಲ್’ ಆಯಿತು, 1982ರಲ್ಲಿ ‘ಬ್ಲ್ಯಾಕ್’, 1990ರಲ್ಲಿ ಮತ್ತೆ ‘ಆರ್ ಅಂಡ್ ಬಿ’. ಹೆಸರು ಬದಲಾಯಿತು, ಪ್ರತ್ಯೇಕ ಪಂಕ್ತಿ ಮಾತ್ರ ಹಾಗೇ ಉಳಿಯಿತು.

2018ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸಿಸ್ಟರ್ ರೊಸೆಟಾ ಥಾರ್ಪ್ ಅವರನ್ನು ರಾಕ್ ಅಂಡ್ ರೋಲ್ ಗೌರವ ಭವನಕ್ಕೆ ಸೇರಿಸಿದರು. ಆ ಗೌರವ ಸಲ್ಲಿಸಿ ಮಾತಾಡಿದವರು, ಗಿಟಾರ್ ಹಿಡಿದು ಹಾಡಿದವರು ಹೊವರ್ಡ್. ಥಾರ್ಪ್ 1915ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಚರ್ಚಿನ ಹಾಡನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದು, ನೈಟ್‌ಕ್ಲಬ್ಬಿಗೂ ಒಯ್ದು ಹಾಡಿದ್ದಕ್ಕೆ ಬೈಸಿಕೊಂಡವರು. ಹದಿಹರೆಯದ ಲಿಟ್ಲ್ ರಿಚರ್ಡ್‌ನನ್ನು ವೇದಿಕೆಗೆ ಹತ್ತಿಸಿದವರೂ ಆಕೆಯೇ. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಗಿಟಾರ್ ಹಿಡಿದು ಅಬ್ಬರಿಸುವ ಹೊವರ್ಡ್ ರಾಕ್ ಕಡೆ ವಾಲಿದರು ಎನ್ನುವವರು, ಆ ಮನೆಗೆ ಅಡಿಪಾಯ ಹಾಕಿದವರು ಯಾರು ಎಂದು ಮರೆತಿದ್ದಾರೆ. ‘ಥಂಡರ್‌ಬಿಚ್’ ಎಂಬ ಪುಂಡ ರಾಕ್ ಆಲ್ಬಮ್ಮನ್ನು 2015ರಲ್ಲೇ ಆಕೆ ಹೊರತಂದಿದ್ದರು, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು. ವಿವರಣೆ ಕೊಡುವ ಗೋಜಿಗೆ ಹೋಗಲಿಲ್ಲ. ಬೇಕಾಗಿಯೂ ಇರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರಬಹುದು. ಹಿನ್ನೆಲೆಯನ್ನು ಹೀಗೆ ಪಕ್ಕಕ್ಕೆ ಸರಿಸಿದರೆ, ದಕ್ಷಿಣದ ಕಪ್ಪು ಜನರ ಇತಿಹಾಸವನ್ನೇ ಸರಿಸಿದಂತಲ್ಲವೇ? ಅಲಬಾಮಾ ಎಂದರೆ ಸುಮ್ಮನೆ ಒಂದು ವಿಳಾಸವೇ? ಖಂಡಿತ ಅಲ್ಲ. ‘ಜೇಮಿ’ ಆಲ್ಬಮ್ಮಿನ ‘ಗೋಟ್ ಹೆಡ್’ ಹಾಡಿನ ಹಿಂದಿರುವುದು ಆಕೆ ಪುಟ್ಟ ಮಗುವಾಗಿದ್ದಾಗ ನಡೆದ ಘಟನೆ. ಯಾರೋ ತಂದೆಯ ಕಾರಿನ ಟೈರು ಸೀಳಿ, ಆಡಿನ ತಲೆ ಕಡಿದು ಹಿಂದಿನ ಸೀಟಿನಲ್ಲಿ ಇಟ್ಟುಹೋಗಿದ್ದರು. ಕಪ್ಪು ಗಂಡಸು ಬಿಳಿ ಹೆಂಗಸಿನ ಜೊತೆ ಸಂಸಾರ ಮಾಡಿದ್ದಕ್ಕೆ ಕೊಟ್ಟ ಎಚ್ಚರಿಕೆ ಅದು. ಅಂಥ ಮದುವೆಗೆ ಅಡ್ಡಿಯಾದ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಕಿತ್ತುಹಾಕಿತ್ತು. ಆದರೂ ಅಲಬಾಮಾ ತನ್ನ ಸಂವಿಧಾನದಿಂದ ಆ ನಿಷೇಧದ ಮಾತನ್ನು ತೆಗೆದದ್ದು 2000ದ ನವೆಂಬರ್‌ನಲ್ಲಿ, ಜನಮತ ಕೇಳಿ. ಆಗ ಹೊವರ್ಡ್‌ಗೆ 12 ವರ್ಷ. ಮತ ಹಾಕಿದವರಲ್ಲಿ ಶೇಕಡ 40ರಷ್ಟು ಮಂದಿ ನಿಷೇಧ ಇರಲಿ ಎಂದರು.

ಈ ಹಿನ್ನೆಲೆ ಹಾಡಿಗೆ ಬಂದಾಗ ಅದು ಯಾವ ಸಂಗೀತವನ್ನು ಉಟ್ಟುಬಂತು ಎಂಬುದು ನನ್ನ ಪ್ರಶ್ನೆ. ‘ಗೋಟ್ ಹೆಡ್’ನಲ್ಲಿ ಮಸಲ್ ಶೋಲ್ಸ್‌ನ ಹಿತ್ತಾಳೆ ವಾದ್ಯಗಳಿಲ್ಲ, ಗದ್ಗದ ಇಲ್ಲ, ಕೂಗು ಇಲ್ಲ. ಹಿಪ್‌ಹಾಪ್ ನೆನಪಿಸುವ ಒಣ ಡ್ರಮ್ಸ್ ಮತ್ತು ಜ್ಯಾಝ್ ಬಲ್ಲವರ ಕೀಬೋರ್ಡ್ ಸ್ವರಗಳ ನಡುವೆ ಆಕೆ ಬಹುತೇಕ ಮಾತಿನ ದನಿಯಲ್ಲಿ, ಮಗು ಪ್ರಶ್ನೆ ಕೇಳಿದಷ್ಟು ಸರಳವಾಗಿ ಹಾಡುತ್ತಾರೆ. ಈ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದವರು ನೇಟ್ ಸ್ಮಿತ್, ಕೀಬೋರ್ಡ್‌ಗೆ ರಾಬರ್ಟ್ ಗ್ಲಾಸ್ಪರ್. ಇಬ್ಬರೂ ಜ್ಯಾಝ್ ಲೋಕದವರು. ‘ಹೀ ಲವ್ಸ್ ಮಿ’ ಹಾಡಿನಲ್ಲಿ ಚರ್ಚ್ ಬರುತ್ತದೆ, ಆದರೆ ಹೇಗೆ? ಧ್ವನಿಮುದ್ರಿತ ಉಪದೇಶದ ತುಣುಕಾಗಿ, ಹಾಡಿನೊಳಗೆ ಕತ್ತರಿಸಿ ಅಂಟಿಸಿದ್ದಾಗಿ. ಹಾಡುವವಳು ಚರ್ಚಿಗೆ ಹೋಗುವುದನ್ನು ಬಿಟ್ಟವಳು. ದೇವರು ಹೇಗೂ ತನ್ನನ್ನು ಕೈಬಿಡುವುದಿಲ್ಲ ಎಂಬ ಧೈರ್ಯ ಅವಳದು. ‘ಜಾರ್ಜಿಯಾ’ ಹಾಡಿನಲ್ಲಿ ಒಬ್ಬ ಹುಡುಗಿ ತನಗಿಂತ ದೊಡ್ಡ ಹುಡುಗಿಯ ಮೇಲೆ ಮನಸ್ಸಿಟ್ಟಿದ್ದಾಳೆ. ‘13ತ್ ಸೆಂಚುರಿ ಮೆಟಲ್’ನಲ್ಲಿ ಹಾಡೇ ಇಲ್ಲ, ಪಣ ತೊಡುವ ಮಾತಿದೆ. ಆಲ್ಬಮ್ಮಿಗೆ ಅಕ್ಕನ ಹೆಸರಿಟ್ಟರೂ ಇದು ಅಕ್ಕನ ಕುರಿತದ್ದಲ್ಲ, ತನ್ನ ಕುರಿತದ್ದು ಎಂದು ಹೊವರ್ಡ್ ಸ್ಪಷ್ಟ ಹೇಳಿದ್ದಾರೆ.

ಅಲಬಾಮಾದ ಗಾಯ, ಚರ್ಚು, ಅಕ್ಕನ ಸಾವು, ಕಪ್ಪು ತಂದೆ, ಬಿಳಿ ತಾಯಿ, ಎಲ್ಲವೂ ಒಟ್ಟಿಗೆ ಬಂದಿರುವುದು ಈ ಒಂದು ಆಲ್ಬಮ್ಮಿನಲ್ಲಿ. ಹಿನ್ನೆಲೆಯ ಸಿದ್ಧಾಂತ ನಿಜವಾಗಿದ್ದರೆ ದಕ್ಷಿಣದ ಸೋಲ್ ಇಲ್ಲಿ ತುಂಬಿ ತುಳುಕಬೇಕಿತ್ತು. 2012ರಲ್ಲಿ, ತನ್ನ ಬಗ್ಗೆ ಹೆಚ್ಚೇನೂ ಹೇಳದೆ ಪ್ರೀತಿ ವಿರಹ ಹಾಡುತ್ತಿದ್ದಾಗ, ಆ ದನಿ ಬೇಕಾದಷ್ಟಿತ್ತು. ನನ್ನ ಊಹೆ ಇಷ್ಟು: ಆ ಹಳೆಯ ಶೈಲಿ ಬೇರೆಯವರ ನೋವಿಗೆ ಸವೆದು ಸವೆದು ಸಿದ್ಧವಾಗಿತ್ತು. ಎಲ್ಲಿ ಬಿಕ್ಕಬೇಕು, ಎಲ್ಲಿ ಮಂಡಿಯೂರಬೇಕು ಎಂಬುದೆಲ್ಲ ಕೇಳುಗರಿಗೂ ಬಾಯಿಪಾಠ. ಕಾರಿನ ಹಿಂದಿನ ಸೀಟಿನ ಆಡಿನ ತಲೆಯನ್ನು ಅದರಲ್ಲಿ ಹಾಡಿದ್ದರೆ ನಾವು ಆಹಾ ಎಂದು ತಲೆದೂಗಿ ಸುಮ್ಮನಾಗುತ್ತಿದ್ದೆವು. ಹಾಗಾಗದಂತೆ ಆಕೆ ನೋಡಿಕೊಂಡರು.

ಪ್ರಶಸ್ತಿ ಕೊಡುವವರು ಪಟ್ಟ ಪಾಡನ್ನೂ ಹೇಳಬೇಕು. 2021ರ ಗ್ರ್ಯಾಮಿಗೆ ಇದೇ ‘ಜೇಮಿ’ ಯುಗದ ಸಂಗೀತ ನಾಲ್ಕು ಬೇರೆ ಬೇರೆ ವಿಭಾಗಗಳಲ್ಲಿ ನಾಮನಿರ್ದೇಶನಗೊಂಡಿತು. ಆಲ್ಬಮ್ ‘ಆಲ್ಟರ್ನೇಟಿವ್’ ಆಯಿತು, ‘ಗೋಟ್ ಹೆಡ್’ ‘ಆರ್ ಅಂಡ್ ಬಿ’ ಆಯಿತು, ‘ಶಾರ್ಟ್ ಅಂಡ್ ಸ್ವೀಟ್’ ‘ಅಮೆರಿಕನ್ ರೂಟ್ಸ್’ ಆಯಿತು, ‘ಸ್ಟೇ ಹೈ’ ರಾಕ್ ವಿಭಾಗಕ್ಕೆ ಹೋಗಿ ಅತ್ಯುತ್ತಮ ರಾಕ್ ಗೀತೆ ಎಂದು ಗೆದ್ದೂಬಂತು. ‘ಸ್ಟೇ ಹೈ’ ಕೇಳಿದವರಿಗೆ ಗೊತ್ತು, ಆ ನಾಲ್ಕರಲ್ಲಿ ಹಳೆಯ ಸೋಲ್‌ಗೆ ಎಲ್ಲಕ್ಕಿಂತ ಹತ್ತಿರದ ಹಾಡು ಅದೇ! ಗುಮಾಸ್ತರ ಕಪಾಟುಗಳು ಒಬ್ಬಳೇ ಹೆಂಗಸಿನ ಮುಂದೆ ಹೀಗೆ ತಬ್ಬಿಬ್ಬಾದದ್ದು ನನಗೆ ಖುಷಿ ಕೊಡುತ್ತದೆ.

‘ಸ್ವತಂತ್ರ ಕಲಾವಿದೆ’ ಎಂಬ ಬಿರುದಿನ ಬಗ್ಗೆಯೂ ಎರಡು ಮಾತು. ಆಕೆಯ 2019ರವರೆಗಿನ ಮುಖ್ಯ ಆಲ್ಬಮ್‌ಗಳು ದೊಡ್ಡ ಕಂಪನಿಗಳ ಹೊರಗಿನ ಎಟಿಒ ಲೇಬಲ್‌ನಿಂದ ಬಂದವು. ಅದನ್ನು 2000ದಲ್ಲಿ ಕಟ್ಟಿದವರಲ್ಲಿ ಗಾಯಕ ಡೇವ್ ಮ್ಯಾಥ್ಯೂಸ್ ಒಬ್ಬರು. 2024ರ ‘ವಾಟ್ ನೌ’ ಯೂನಿವರ್ಸಲ್ ಬಳಗದ ಐಲ್ಯಾಂಡ್ ಕಂಪನಿಯದು. ಕರಾರಿನ ಕಾಗದ ನೋಡಿ ಸ್ವಾತಂತ್ರ್ಯ ಅಳೆಯುವವರಿಗೆ ಇದು ಪತನದಂತೆ ಕಾಣಬಹುದು. ಮೊದಲ ಸ್ಥಾನಕ್ಕೆ ಏರಿ, ಮೂರು ನಾಲ್ಕು ಗ್ರ್ಯಾಮಿ ಹೊತ್ತ ತಂಡವನ್ನು, ಮೂರನೇ ಆಲ್ಬಮ್ಮಿಗೆ ಜಗತ್ತು ಕಾದಿದ್ದಾಗ ಬದಿಗಿಟ್ಟು ಹೊರಟುಬಂದದ್ದು ನನಗೆ ಲೇಬಲ್ಲಿನ ಹೆಸರಿಗಿಂತ ದೊಡ್ಡ ಸಾಕ್ಷಿ. ‘ವಾಟ್ ನೌ’ ಆಲ್ಬಮ್ಮಿನಲ್ಲಿ ‘ಪ್ರೂವ್ ಇಟ್ ಟು ಯೂ’ ಎಂಬ ಹಾಡು ನೇರ ಡಾನ್ಸ್ ಕ್ಲಬ್ಬಿನ ಹೌಸ್ ಬಡಿತದ್ದು. ದೊಡ್ಡ ಕಂಪನಿ ಬಯಸುವ ಸೋಲ್ ರಾಣಿ ಹೀಗೆ ಮಾಡುವವಳಲ್ಲ. ಹಾಡು ಹಾಡಿನ ನಡುವೆ ಬರುವ ಬಟ್ಟಲುಗಳ ಝೇಂಕಾರ ಮಾತ್ರ ನನಗೆ ಹಿಡಿಸಲಿಲ್ಲ. ಎರಡು ಸಲ ಕೇಳುವಷ್ಟರಲ್ಲಿ ಅದು ಧ್ಯಾನಕೇಂದ್ರದ ಅಲಂಕಾರವಾಗುತ್ತದೆ, ‘ಜೇಮಿ’ಯ ಒರಟು ಅಂಚುಗಳನ್ನು ನಯ ಮಾಡಿಬಿಡುತ್ತದೆ.

2024ರ ಡಿಸೆಂಬರ್‌ನಲ್ಲಿ ಶೇಕ್ಸ್ ಮತ್ತೆ ಒಂದಾಗಿ ವೇದಿಕೆ ಹತ್ತಿತು, 2025ರಲ್ಲಿ ಹೊವರ್ಡ್, ಫಾಗ್, ಕಾಕ್ರೆಲ್ ಮೂವರೂ ಪ್ರವಾಸಕ್ಕೆ ಹೊರಟರು. ಹಳೆಯ ಲೇಖನವನ್ನು ಮತ್ತೆ ಅಚ್ಚುಹಾಕಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಆಕೆಯನ್ನು ಇನ್ನೂ ಕೇಳದವರು ಆ ಲೇಖನವನ್ನೂ ‘ಹೋಲ್ಡ್ ಆನ್’ ಹಾಡನ್ನೂ ಸದ್ಯಕ್ಕೆ ಪಕ್ಕಕ್ಕಿಟ್ಟು ‘ಗೋಟ್ ಹೆಡ್’ನಿಂದ ಶುರುಮಾಡಲಿ, ಅಲ್ಲಿಂದ ‘ಸೌಂಡ್ ಅಂಡ್ ಕಲರ್’ಗೆ ಹಿಂದೆ ಬರಲಿ. ‘ಬಾಯ್ಸ್ ಅಂಡ್ ಗರ್ಲ್ಸ್’ ಕೊನೆಗೆ ಕೇಳಿದರೆ ಸಾಕು. ಆಗ ಅದು ಬುನಾದಿಯಂತೆ ಕೇಳಿಸುವುದಿಲ್ಲ, ಒಬ್ಬ ಗಾಯಕಿ ಬೇಗ ಕಲಿತು ಬೇಗ ಬಿಟ್ಟ ಹಲವು ಪಾಠಗಳಲ್ಲಿ ಒಂದರಂತೆ ಕೇಳಿಸುತ್ತದೆ.